ಪಗಾರದ ಒಪ್ಪಂದ ಮುರಿದರೆ ಮಾಸ್ತರರು ಎಲ್ಲಿಗೆ ಹೋಗಬೇಕು?

ಓದುಗರ ಪ್ರಶ್ನೆ, ವಕೀಲರ ಉತ್ತರ

ಶಾಲೆ ಶುರುವಾಗುವ ಹೊತ್ತಿಗೆ ಖಾಸಗಿ ಶಾಲೆಗಳ ಮಾಸ್ತರರು, ಅಕ್ಕೋರು ಬರೆಯುವ ಪತ್ರಗಳು ಜಾಸ್ತಿಯಾಗುತ್ತವೆ. ಎಲ್ಲದರಲ್ಲೂ ಪಗಾರದ್ದೇ ಮಾತು. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅವರಿಗೆ. ಯಾರ ಹೆಸರನ್ನೂ, ಯಾವ ಶಾಲೆಯ ಹೆಸರನ್ನೂ ಹಾಕಿಲ್ಲ. ಕೆಲಸದಲ್ಲಿ ಇರುವವರು, ತೊಂದರೆ ಆಗಬಾರದು ಅಲ್ವಾ.

ಪ್ರಶ್ನೆ: ವಕೀಲ ಸಾಹೇಬರಿಗೆ ನಮಸ್ಕಾರ. ನಾನು ಗೋಕಾಕ ತಾಲ್ಲೂಕಿನ ಒಂದು ಅನುದಾನರಹಿತ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. 2022ರಲ್ಲಿ ನಾವು ಹದಿನಾಲ್ಕು ಶಿಕ್ಷಕರು ಕೂಡಿ ಆಡಳಿತ ಮಂಡಳಿಯ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ವರ್ಷಕ್ಕೆ ಶೇ 8 ಏರಿಕೆ, ಏಪ್ರಿಲ್ ಮತ್ತು ಮೇ ತಿಂಗಳಿಗೂ ಪೂರ್ತಿ ಪಗಾರ, ಎಲ್ಲರಿಗೂ ಪಿ.ಎಫ್. ಅಂತ ಬರೆದೆವು. ಅಧ್ಯಕ್ಷರು, ಕಾರ್ಯದರ್ಶಿ ಸಹಿ ಹಾಕಿದರು. ನಮ್ಮ ಪರವಾಗಿ ಮೂವರು ಹಾಕಿದೆವು. ಎರಡು ವರ್ಷ ಏರಿಕೆ, ಬೇಸಿಗೆ ಪಗಾರ ಸರಿಯಾಗಿ ಕೊಟ್ಟರು. ಪಿ.ಎಫ್. ಮಾತ್ರ ಶುರು ಮಾಡಲೇ ಇಲ್ಲ. ಆಮೇಲೆ ಅಧ್ಯಕ್ಷರು ಬದಲಾದರು. 2024ರ ಜೂನ್‌ನಿಂದ ಏರಿಕೆ ನಿಂತಿತು, ಬೇಸಿಗೆ ಪಗಾರವೂ ಬಂದಿಲ್ಲ. ಕೇಳಿದರೆ "ಅಡ್ಮಿಶನ್ ಕಡಿಮೆ ಆಗಿದೆ, ಆ ಕಾಗದ ಹಳೆಯವರು ಬರೆದುಕೊಟ್ಟಿದ್ದು, ನಮಗೆ ಸಂಬಂಧ ಇಲ್ಲ" ಅನ್ನುತ್ತಾರೆ. ಕಾರ್ಮಿಕ ಇಲಾಖೆಗೆ ಹೋದರೆ "ಮಾಸ್ತರರ ಕೇಸು ನಮಗೆ ಬರಲ್ಲ" ಅಂತ ಹೇಳಿ ಕಳಿಸಿದರು. ಹೈಕೋರ್ಟಿಗೆ ರಿಟ್ ಹಾಕಿ ಅಂತ ಒಬ್ಬರು ಹೇಳುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಮಾಸ್ತರೇ, ಮೊದಲು ಒಂದು ಸಮಾಧಾನದ ಮಾತು. ನಿಮ್ಮ ಒಪ್ಪಂದ ಬಿದ್ದುಹೋಗಿಲ್ಲ. ನೀವು ಹೋದ ಜಾಗ ಮಾತ್ರ ಬೇರೆ.

ಕಾರ್ಮಿಕ ಇಲಾಖೆಯವರು ಹೇಳಿದ್ದು ಸರಿ. ಕಾರ್ಖಾನೆಯಲ್ಲಿ ಯೂನಿಯನ್ನು ಮತ್ತು ಮಾಲೀಕರು ಹೀಗೆ ಒಪ್ಪಂದ ಮಾಡಿಕೊಂಡರೆ ಅದಕ್ಕೆ ಕಾನೂನಿನ ಬಲ ತಾನಾಗಿಯೇ ಬರುತ್ತದೆ, ಮುರಿದರೆ ಕಾರ್ಮಿಕ ಅಧಿಕಾರಿ ಕರೆಸಿ ಕೇಳಬಹುದು. 1978ರಲ್ಲಿ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆ, ಕಾಲೇಜುಗಳೂ 'ಉದ್ಯಮ'ದ ಒಳಗೆ ಬರುತ್ತವೆ ಅಂದಿತ್ತು. ಅದನ್ನು ಓದಿ ಶಿಕ್ಷಕರಿಗೆ ಆಸೆ ಹುಟ್ಟಿತು. ಆದರೆ 1988ರಲ್ಲಿ ಗೋವಾದ ಒಬ್ಬ ಶಾಲಾ ಶಿಕ್ಷಕಿಯ ಪ್ರಕರಣದಲ್ಲಿ, ಸುಂದರಾಂಬಾಳ್ ಪ್ರಕರಣ ಅಂತ ವಕೀಲರೆಲ್ಲ ಹೇಳುವುದು ಇದನ್ನೇ, ಅದೇ ಸುಪ್ರೀಂ ಕೋರ್ಟು ಶಾಲೆ ಉದ್ಯಮವೇ ಆದರೂ ಶಿಕ್ಷಕರು 'ಕಾರ್ಮಿಕ'ರಲ್ಲ ಎಂದು ತೀರ್ಪು ಕೊಟ್ಟಿತು. ಕಲಿಸುವುದು ಒಂದು ಉದಾತ್ತ ವೃತ್ತಿ, ಅದನ್ನು ಕೈಕೆಲಸ, ಗುಮಾಸ್ತಿಕೆ, ತಾಂತ್ರಿಕ ಕೆಲಸಗಳ ಸಾಲಿಗೆ ಸೇರಿಸಲಾಗದು ಅನ್ನುವುದು ಅದರ ವಾದ. ಗೌರವದ ಮಾತೇ. ಆದರೆ ಪಗಾರಕ್ಕಾಗಿ ಹೋರಾಡುವ ಸುಲಭ ದಾರಿಯೊಂದನ್ನು ಆ ತೀರ್ಪು ಮುಚ್ಚಿತು, ಅದರ ನೋವು ಇವತ್ತಿಗೂ ನಿಮ್ಮಂಥವರು ಉಣ್ಣುತ್ತಿದ್ದೀರಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಕಾರ್ಮಿಕರ ಕೆಲಸಗಳ ಪಟ್ಟಿಗೆ ಕಲಿಸುವ ಕೆಲಸವನ್ನು ಸೇರಿಸಿಲ್ಲ. ಸೇರಿಸಬೇಕಿತ್ತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಾಗಾದರೆ ನಿಮ್ಮ ಕಾಗದ ಏನು? ಅದು 1872ರ ಕರಾರು ಕಾಯ್ದೆಯ ಕೆಳಗೆ ಒಂದು ಕರಾರು. ಜಮೀನು ಲಾವಣಿಗೆ ಕೊಟ್ಟು ಬರೆದುಕೊಂಡ ಕರಾರು ಹೇಗೋ ಇದೂ ಹಾಗೇ. ಮುರಿದರೆ ಸಿವಿಲ್ ಕೋರ್ಟಿನಲ್ಲಿ ಬಾಕಿ ಹಣಕ್ಕೆ ದಾವೆ ಹಾಕಬಹುದು. ಗೋಕಾಕದಲ್ಲೇ ಕೋರ್ಟು ಇದೆ, ದೂರ ಹೋಗಬೇಕಾಗಿಲ್ಲ.

"ಹಳೆಯವರು ಬರೆದುಕೊಟ್ಟಿದ್ದು" ಅನ್ನುವ ಮಾತಿಗೆ ಬೆಲೆ ಇಲ್ಲ. ಒಪ್ಪಂದ ಮಾಡಿಕೊಂಡದ್ದು ಅಧ್ಯಕ್ಷರು ತಮ್ಮ ಮನೆಯ ಪರವಾಗಿ ಅಲ್ಲ, ಸಂಸ್ಥೆಯ ಪರವಾಗಿ. ಅಧ್ಯಕ್ಷರು ಬದಲಾದರೂ ನೋಂದಣಿಯಾದ ಸಂಸ್ಥೆ ಅದೇ, ಅದರ ಸಾಲ, ಅದರ ಆಸ್ತಿ, ಅದರ ಕರಾರು ಎಲ್ಲ ಅದರದ್ದೇ. ಅವರು ಎತ್ತಬಹುದಾದ ಒಂದೇ ತಕರಾರು ಎಂದರೆ, ಮಂಡಳಿಯ ಸಭೆಯಲ್ಲಿ ಠರಾವು ಆಗಿರಲಿಲ್ಲ, ಅಧ್ಯಕ್ಷರಿಗೆ ಸಹಿ ಹಾಕುವ ಅಧಿಕಾರ ಇರಲಿಲ್ಲ ಅಂತ. ಅದಕ್ಕೂ ಉತ್ತರ ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿದೆ. ಎರಡು ವರ್ಷ ಒಪ್ಪಂದದ ಲೆಕ್ಕದಂತೆಯೇ ಏರಿಕೆ ಕೊಟ್ಟಿದ್ದಾರೆ, ಬೇಸಿಗೆ ಪಗಾರ ಜಮಾ ಮಾಡಿದ್ದಾರೆ. ಗೊತ್ತಿದ್ದೂ ಹಾಗೆ ನಡೆದುಕೊಂಡ ಮೇಲೆ ಸಂಸ್ಥೆ ಅದನ್ನು ಒಪ್ಪಿಕೊಂಡಂತೆಯೇ. ಆ ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಹದಿನಾಲ್ಕು ಜನರೂ ಇವತ್ತೇ ತೆಗೆಸಿ ಇಟ್ಟುಕೊಳ್ಳಿ.

ಅಡ್ಮಿಶನ್ ಕಡಿಮೆ ಆಯಿತು ಅನ್ನುವುದೂ ನಡೆಯುವುದಿಲ್ಲ. ಕೊಡುವುದು ಕಷ್ಟವಾಯಿತು ಅಂದ ಮಾತ್ರಕ್ಕೆ ಕರಾರು ರದ್ದಾಗುವುದಿಲ್ಲ. ಮಕ್ಕಳ ಸಂಖ್ಯೆ ಇಷ್ಟಕ್ಕಿಂತ ಕೆಳಗೆ ಇಳಿದರೆ ಏರಿಕೆ ನಿಲ್ಲಿಸುತ್ತೇವೆ ಅಂತ ಒಪ್ಪಂದದಲ್ಲೇ ಬರೆದಿದ್ದರೆ ಅದು ಬೇರೆ ಮಾತು, ಹಾಗಾಗಿ ಪ್ರತಿ ಸಾಲನ್ನೂ ಇನ್ನೊಮ್ಮೆ ಓದಿ. ಸಂಸ್ಥೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗಿದ್ದರೆ ವರ್ಷ ವರ್ಷ ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಅದರ ನಕಲಿಗೆ ಅರ್ಜಿ ಹಾಕಿ. ಹಣ ಇಲ್ಲ ಅನ್ನುವುದು ನಿಜವೋ ಸುಮ್ನೆ ಹೇಳುವುದೋ ಅಲ್ಲಿ ಗೊತ್ತಾಗುತ್ತದೆ.

ಈಗ ನನಗೆ ನಿಜಕ್ಕೂ ಚಿಂತೆ ಇರುವುದು ಬೇರೆ ಎರಡು ವಿಷಯಗಳ ಬಗ್ಗೆ.

ಒಂದು, ಒಪ್ಪಂದವನ್ನು ಯಾವುದರ ಮೇಲೆ ಬರೆದಿದ್ದೀರಿ? ಪತ್ರದಲ್ಲಿ ಹೇಳಿಲ್ಲ. ಶಾಲೆಯ ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಿಸಿಕೊಂಡು ಬರುವವರೇ ಜಾಸ್ತಿ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಸರಿಯಾದ ಸ್ಟಾಂಪ್ ಇಲ್ಲದ ಕಾಗದವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹೆದರಬೇಡಿ, ಕೊರತೆ ಬಿದ್ದ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಿದರೆ ಕಾಗದ ಊರ್ಜಿತವಾಗುತ್ತದೆ. ಇಂಥ ಒಪ್ಪಂದಕ್ಕೆ ಮೂಲ ಶುಲ್ಕವೇ ಸಣ್ಣದು, ಹದಿನಾಲ್ಕು ಜನ ಹಂಚಿಕೊಂಡರೆ ಭಾರವಲ್ಲ. ಆದರೆ ಹೀಗೆ ಸರಿಮಾಡಿಸಿಕೊಳ್ಳಲು ಬರುವುದು ಅಸಲು ಕಾಗದಕ್ಕೆ ಮಾತ್ರ. ಝೆರಾಕ್ಸ್ ಪ್ರತಿಗೆ ದಂಡ ಕಟ್ಟಿ ಊರ್ಜಿತ ಮಾಡಿಸಲು ಆಗುವುದಿಲ್ಲ. ಅಸಲು ನಿಮ್ಮ ಹತ್ತಿರ ಇದ್ದರೆ ಬಂಗಾರದಂತೆ ಕಾಪಾಡಿ, ಆಡಳಿತ ಮಂಡಳಿಯವರು "ನೋಡಿ ಕೊಡುತ್ತೇವೆ" ಅಂದರೂ ಕೈಗೆ ಕೊಡಬೇಡಿ. ಅಸಲು ಅವರ ಹತ್ತಿರವೇ ಇದ್ದರೆ, ಅದನ್ನು ಹಾಜರುಪಡಿಸಿ ಎಂದು ಲಾಯರ್ ಮೂಲಕ ನೋಟಿಸು ಕೊಡಬೇಕಾಗುತ್ತದೆ.

ಎರಡನೆಯದು ಕಾಲಮಿತಿ. ಪಗಾರದ ಬಾಕಿಗೆ ದಾವೆ ಹಾಕಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ, ಅದೂ ಆಯಾ ತಿಂಗಳ ಪಗಾರಕ್ಕೆ ಆಯಾ ತಿಂಗಳಿಂದ. 2024ರ ಜೂನ್ ತಿಂಗಳ ಏರಿಕೆಯ ಹಣ 2027ರಲ್ಲಿ ಕೈ ತಪ್ಪುತ್ತದೆ, ಅದರ ಮುಂದಿನ ತಿಂಗಳು ಜುಲೈನದ್ದು, ಹೀಗೆ ಒಂದೊಂದೇ ತಿಂಗಳು ಕರಗುತ್ತಾ ಹೋಗುತ್ತದೆ. "ಮುಂದಿನ ಸಭೆಯಲ್ಲಿ ನೋಡೋಣ" ಅಂತ ಮುಂದೂಡುತ್ತಾ ಮೂರು ವರ್ಷ ಕಳೆದು ಬಂದವರನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಮುಂದೂಡುವಾಗ "ಇಷ್ಟು ಬಾಕಿ ಇದೆ" ಅಂತ ಅವರಿಂದ ಸಹಿ ಮಾಡಿದ ಒಂದು ಚೀಟಿ ಬರೆಸಿಕೊಂಡರೂ ಸಾಕು, ಅವಧಿ ಮುಗಿಯುವ ಮೊದಲು ಬರೆದದ್ದಾದರೆ ಆ ತಾರೀಖಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ.

ಇನ್ನು ರಿಟ್, ಅಂದರೆ ಸರ್ಕಾರ ಅಥವಾ ಸಾರ್ವಜನಿಕ ಕೆಲಸ ಮಾಡುವ ಸಂಸ್ಥೆಯ ವಿರುದ್ಧ ನೇರ ಹೈಕೋರ್ಟಿಗೆ ಹಾಕುವ ಅರ್ಜಿ. ಬೇಡ. 2022ರ ಆಗಸ್ಟಿನಲ್ಲಿ ಸೇಂಟ್ ಮೇರೀಸ್ ಎಜುಕೇಶನ್ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಖಾಸಗಿ ಶಾಲೆ ಶಿಕ್ಷಣ ಕೊಡುವುದು ಸಾರ್ವಜನಿಕ ಕೆಲಸವೇ ಆದರೂ ಅದರ ನೌಕರರ ಸೇವಾ ಕರಾರು ಖಾಸಗಿ ವಿಷಯ, ಸೇವಾ ಷರತ್ತುಗಳಿಗೆ ಶಾಸನದ ಆಸರೆ ಇಲ್ಲದಿದ್ದರೆ ರಿಟ್ ನಡೆಯದು ಎಂದಿತು. 2024ರ ಜುಲೈನಲ್ಲಿ ಆರ್ಮಿ ವೆಲ್‌ಫೇರ್ ಎಜುಕೇಶನ್ ಸೊಸೈಟಿ ಪ್ರಕರಣ ಬಂತು. ಅದು ನಿಮ್ಮ ಕಥೆಗೆ ಇನ್ನೂ ಹತ್ತಿರ. ಶಾಲೆಯ ಆಡಳಿತ ಕೈ ಬದಲಾಯಿತು, ಶಿಕ್ಷಕರು ಮೊದಲಿನ ಪಗಾರ, ಮೊದಲಿನ ಷರತ್ತುಗಳೇ ಬೇಕು ಅಂತ ರಿಟ್ ಹಾಕಿದರು. ಅಲ್ಲೂ ಸುಪ್ರೀಂ ಕೋರ್ಟು ಈ ತಗಾದೆ ರಿಟ್‌ನಲ್ಲಿ ಬರುವುದಿಲ್ಲ ಎಂದೇ ಹೇಳಿತು. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಒಂದೆರಡು ವರ್ಷ ಕಳೆದು ವಾಪಸ್ ಗೋಕಾಕಕ್ಕೇ ಬರುವ ಬದಲು ಇಲ್ಲೇ ಶುರು ಮಾಡಿ.

ನಿಮ್ಮ ಗುಂಪು ನೋಂದಣಿಯಾದ ಸಂಘವಲ್ಲದಿದ್ದರೆ ಸಂಘದ ಹೆಸರಲ್ಲಿ ದಾವೆ ಹಾಕಬೇಡಿ. ಒಂದೇ ಒಪ್ಪಂದದಿಂದ ಹುಟ್ಟಿದ ಹಕ್ಕು ಆಗಿರುವುದರಿಂದ ಹದಿನಾಲ್ಕು ಜನರೂ ಒಂದೇ ದಾವೆಯಲ್ಲಿ ವಾದಿಗಳಾಗಿ ಸೇರಬಹುದು. ಸಹಿ ಹಾಕಿದ ಮೂವರಿಗೆ ಉಳಿದ ಹನ್ನೊಂದು ಜನ ಅಧಿಕಾರ ಕೊಟ್ಟ ಪತ್ರ ಇದೆಯೇ? ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಎಲ್ಲರೂ ಎರಡು ವರ್ಷ ಅದೇ ಒಪ್ಪಂದದಂತೆ ಪಗಾರ ತೆಗೆದುಕೊಂಡಿದ್ದಾರಲ್ಲ, ಅದನ್ನೇ ತೋರಿಸಿ. ಕೇಳುವ ಮೊತ್ತದ ಮೇಲೆ ಕೋರ್ಟ್ ಫೀ ಬೀಳುತ್ತದೆ. ನಿಮ್ಮಲ್ಲಿ ಇರುವ ಅಕ್ಕೋರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಇದು 1987ರ ಕಾಯ್ದೆ ಕೊಟ್ಟ ಹಕ್ಕು, ಯಾರ ಕೃಪೆಯೂ ಅಲ್ಲ. ನಾಚಿಕೆ ಇಲ್ಲದೆ ಕೇಳಿ.

ಪಿ.ಎಫ್. ವಿಷಯವನ್ನು ದಾವೆಗೆ ಸೇರಿಸಬೇಡಿ. ಅದಕ್ಕೆ ಒಪ್ಪಂದವೇ ಬೇಕಾಗಿಲ್ಲ. ಶಾಲೆಗಳಿಗೆ 1982ರಿಂದಲೇ ಪಿ.ಎಫ್. ಕಾನೂನು ಅನ್ವಯಿಸುತ್ತದೆ, ಇಪ್ಪತ್ತು ಜನ ಕೆಲಸಗಾರರು ಇದ್ದರೆ ಸಾಕು. ಎಣಿಸುವಾಗ ಶಿಕ್ಷಕರು ಮಾತ್ರ ಅಲ್ಲ, ಆಫೀಸಿನ ಗುಮಾಸ್ತರು, ಸಿಪಾಯಿ, ಬಸ್ ಡ್ರೈವರ್, ಆಯಾ ಎಲ್ಲರನ್ನೂ ಎಣಿಸಿ. ಇಪ್ಪತ್ತು ಆದರೆ ಪಿ.ಎಫ್. ಕಚೇರಿಗೆ ಲಿಖಿತ ದೂರು ಕೊಡಿ, ವಿಚಾರಣೆಯ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ.

ಕೊನೆಗೆ ರಾಜಿ ಮಾತು ಬಂದರೆ ತಿರಸ್ಕರಿಸಬೇಡಿ. ಆದರೆ ಈ ಸಲ ಆಫೀಸಿನಲ್ಲಿ ಕೂತು ಕಾಗದ ಬರೆದುಕೊಳ್ಳುವುದು ಬೇಡ. ಲೋಕ ಅದಾಲತ್‌ನಲ್ಲಿ ಬರೆಸಿ. ದಾವೆ ಹಾಕುವ ಮೊದಲೇ ಅಲ್ಲಿಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲೂ ಇಲ್ಲ. ಮುಂದೆ ಇನ್ನೊಬ್ಬ ಅಧ್ಯಕ್ಷರು ಬಂದು "ನಮಗೆ ಸಂಬಂಧ ಇಲ್ಲ" ಅಂದರೆ ಹೊಸ ದಾವೆ ಬೇಡ, ನೇರ ಜಾರಿಗೆ ಅರ್ಜಿ ಹಾಕಿದರಾಯಿತು.

ಪ್ರಶ್ನೆ: ಸರ್, ನಾನು ಜಮಖಂಡಿ ಕಡೆಯವನು. ಪಗಾರ ಹೆಚ್ಚಿಸಿ ಅಂತ ಎಲ್ಲ ಶಿಕ್ಷಕರ ಸಹಿ ತೆಗೆದುಕೊಂಡು ಅರ್ಜಿ ಕೊಟ್ಟವನು ನಾನು. ಮರುವಾರ ಕರೆದು "ನಾಳೆಯಿಂದ ಬರಬೇಡ್ರಿ" ಅಂದರು. ಆರ್ಡರ್ ಕೊಟ್ಟಿಲ್ಲ. ರಾಜೀನಾಮೆ ಬರೆದುಕೊಟ್ಟರೆ ಒಂದು ತಿಂಗಳ ಪಗಾರ ಜಾಸ್ತಿ ಕೊಡುತ್ತೇವೆ ಅನ್ನುತ್ತಿದ್ದಾರೆ.

ಉತ್ತರ: ಬರೆದುಕೊಡಬೇಡಿ. ಒಂದು ತಿಂಗಳ ಪಗಾರಕ್ಕೆ ನೌಕರಿಯ ಹಕ್ಕನ್ನೇ ಮಾರಿದಂತೆ ಆಗುತ್ತದೆ.

1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಪ್ರಕಾರ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆ ಮಾಡದೆ, ಅವರ ಮಾತು ಕೇಳದೆ ತೆಗೆದುಹಾಕುವಂತಿಲ್ಲ. ತೆಗೆದರೆ 94ನೇ ಕಲಂ ಕೆಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಅಪೀಲು. ಇ.ಎ.ಟಿ. ಅಂತ ಕೋರ್ಟಿನಲ್ಲಿ ಕೇಳಿದರೆ ಎಲ್ಲರಿಗೂ ಗೊತ್ತು, ಜಿಲ್ಲಾ ನ್ಯಾಯಾಧೀಶರೇ ಅದನ್ನು ನಡೆಸುತ್ತಾರೆ, ನಿಮಗೆ ಅದು ಬಾಗಲಕೋಟೆಯಲ್ಲಿ. ಅವಧಿ ಬರೀ ಮೂರು ತಿಂಗಳು. ಬಾಯಿಮಾತಿನಲ್ಲಿ ತೆಗೆದಿದ್ದಾರೆ, ಆರ್ಡರ್ ಬರಲಿ ಅಂತ ಕಾಯುತ್ತಾ ಕೂರಬೇಡಿ, ಅವರು "ಬರಬೇಡ್ರಿ" ಅಂದ ದಿನದಿಂದಲೇ ಲೆಕ್ಕ ಹಿಡಿಯಿರಿ. ನಾಳೆಯೇ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ: ಇಂಥ ದಿನ ಶಾಲೆಗೆ ಬಂದೆ, ಹಾಜರಿ ಪುಸ್ತಕದಲ್ಲಿ ಸಹಿ ಮಾಡಲು ಬಿಡಲಿಲ್ಲ, ನಾನು ಕೆಲಸಕ್ಕೆ ಸಿದ್ಧನಿದ್ದೇನೆ ಅಂತ. ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿ.ಇ.ಒ.) ಅವರಿಗೆ. ಇಲ್ಲದಿದ್ದರೆ ಮುಂದೆ "ಅವರಾಗಿಯೇ ಬಿಟ್ಟು ಹೋದರು" ಅನ್ನುವ ವಾದ ಬಂದೇ ಬರುತ್ತದೆ.

ಒಂದು ವ್ಯತ್ಯಾಸ ನೆನಪಿಡಿ. ಈ ನ್ಯಾಯಮಂಡಳಿ ಇರುವುದು ಕೆಲಸದಿಂದ ತೆಗೆದಾಗ, ದರ್ಜೆ ಇಳಿಸಿದಾಗ. ಗೋಕಾಕದ ಮಾಸ್ತರರಂತೆ ಬರೀ ಪಗಾರದ ಬಾಕಿ ಕೇಳುವವರು ಅಲ್ಲಿಗೆ ಹೋಗುವಂತಿಲ್ಲ. ಮತ್ತೆ ವಿಜಯಪುರದವರಿಗೂ ಒಂದು ಮಾತು: ನಿಮ್ಮ ಜಿಲ್ಲೆಯ ನ್ಯಾಯಮಂಡಳಿಯ ತೀರ್ಪನ್ನು ಪ್ರಶ್ನಿಸಬೇಕಾದರೆ ಹೋಗಬೇಕಾದದ್ದು ಕಲಬುರಗಿ ಪೀಠಕ್ಕೆ. ಬೆಳಗಾವಿ, ಬಾಗಲಕೋಟೆಯವರು ಮಾತ್ರ ಧಾರವಾಡಕ್ಕೆ.

ಪ್ರಶ್ನೆ: ನಮಸ್ಕಾರ ರೀ. ನಾನು ಸಿಂದಗಿಯವಳು. ಒಂದೇ ಖಾಸಗಿ ಶಾಲೆಯಲ್ಲಿ 22 ವರ್ಷ ಕಲಿಸಿ 2025ರ ಮೇ ತಿಂಗಳಲ್ಲಿ ನಿವೃತ್ತಿಯಾದೆ. ಕೊನೆಯ ಪಗಾರ ಮೂಲವೇತನ, ಡಿ.ಎ. ಕೂಡಿ 18,000. ಗ್ರಾಚ್ಯುಟಿ ಕೇಳಿದರೆ "ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ, ನೀವೆಲ್ಲ ಸಹಿ ಹಾಕಿದ ಒಪ್ಪಂದದಲ್ಲೂ ಇಲ್ಲ ಅಂತ ಬರೆದಿದೆ" ಅಂದರು. ನಿಜವೇ?

ಉತ್ತರ: ಅಕ್ಕೋರೇ, ಎರಡೂ ಸುಳ್ಳು. ನಿಮ್ಮ ಪತ್ರ ಓದಿ ಸಿಟ್ಟು ಬಂತು. 22 ವರ್ಷ ದುಡಿಸಿಕೊಂಡವರು ಹೇಳುವ ಮಾತಲ್ಲ ಇದು.

ಹಿಂದೆ ಹಾಗೆ ಇತ್ತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 1972ರ ಗ್ರಾಚ್ಯುಟಿ ಕಾಯ್ದೆಯ 'ನೌಕರ' ಅನ್ನುವ ವ್ಯಾಖ್ಯೆಯಲ್ಲಿ ಶಿಕ್ಷಕರು ಬರುವುದಿಲ್ಲ ಎಂದಿತ್ತು. ಸಂಸತ್ತು 2009ರಲ್ಲಿ ವ್ಯಾಖ್ಯೆಯನ್ನೇ ತಿದ್ದಿತು, ಅದೂ 1997ರ ಏಪ್ರಿಲ್ 3ರಿಂದ ಅನ್ವಯವಾಗುವ ಹಾಗೆ. ಖಾಸಗಿ ಶಾಲೆಗಳವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2022ರ ಆಗಸ್ಟ್ 29ರಂದು ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಗೆ ಮುಗಿಯಿತು. ಹತ್ತು ಜನ ನೌಕರರಿರುವ ಶಾಲೆ, ಐದು ವರ್ಷ ಸೇವೆ, ಇಷ್ಟಿದ್ದರೆ ಗ್ರಾಚ್ಯುಟಿ ಕೊಡಲೇಬೇಕು.

ಒಪ್ಪಂದದ ಮಾತಿಗೆ ಬಂದರೆ, ಕಾನೂನು ಕೊಡುವುದಕ್ಕಿಂತ ಜಾಸ್ತಿ ಕೊಡುತ್ತೇವೆ ಅಂತ ಒಪ್ಪಂದ ಮಾಡಿಕೊಳ್ಳಬಹುದು, ಅದು ನಡೆಯುತ್ತದೆ. ಕಡಿಮೆ ಕೊಡುತ್ತೇವೆ, ಕೊಡುವುದೇ ಇಲ್ಲ ಅಂತ ಬರೆದರೆ ಆ ಸಾಲಿಗೆ ಬೆಲೆ ಇಲ್ಲ. ನೀವು ಸಹಿ ಹಾಕಿದ್ದರೂ ಇಲ್ಲ.

ಲೆಕ್ಕ ಹೀಗೆ. 18,000 ಗುಣಿಸು 15, ಭಾಗಿಸು 26, ಗುಣಿಸು 22. ಸುಮಾರು 2,28,461 ರೂಪಾಯಿ. ನಮೂನೆ 'ಐ'ಯಲ್ಲಿ ಶಾಲೆಗೆ ಅರ್ಜಿ ಕೊಟ್ಟಿಲ್ಲದಿದ್ದರೆ ಈಗಲೇ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಕೊಡದಿದ್ದರೆ ನಮೂನೆ 'ಎನ್'ನಲ್ಲಿ ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಿಗೆ. ಹೌದು, ಇದೊಂದು ವಿಷಯದಲ್ಲಿ ಶಿಕ್ಷಕರ ಅರ್ಜಿಯನ್ನು ಕಾರ್ಮಿಕ ಇಲಾಖೆ ತೆಗೆದುಕೊಳ್ಳಲೇಬೇಕು. ತಡವಾಗಿದ್ದರೆ ಕಾರಣ ಬರೆದು, ವಿಳಂಬ ಮನ್ನಿಸಿ ಎಂದು ಕೋರಿ. ತಡಮಾಡಿದ್ದಕ್ಕೆ ವರ್ಷಕ್ಕೆ ಶೇ 10 ಬಡ್ಡಿಯನ್ನೂ ಕೇಳಿ. ನೀವು ಹೊಸ ಸಂಹಿತೆ ಬರುವ ಮೊದಲು ನಿವೃತ್ತರಾದವರು, ಹಾಗಾಗಿ ನಿಮಗೆ ಹಳೆಯ ಕಾಯ್ದೆಯೇ. ಅರ್ಜಿಗೆ ವಕೀಲರೇ ಬೇಕು ಅಂತಿಲ್ಲ, 22 ವರ್ಷ ಮಕ್ಕಳಿಗೆ ಬರೆಯಲು ಕಲಿಸಿದವರು ನೀವೇ ತುಂಬಬಹುದು.

ಪ್ರಶ್ನೆ: ಇಳಕಲ್ ಹತ್ತಿರದ ಅನುದಾನಿತ ಹೈಸ್ಕೂಲು ನಮ್ಮದು. 1998ರಲ್ಲಿ ಸೇರಿದೆ, ಅನುದಾನ ಬಂದದ್ದು ಬಹಳ ತಡವಾಗಿ. ಮೊದಲಿನ ವರ್ಷಗಳನ್ನೂ ಸೇವೆಗೆ ಹಿಡಿಸಿ ಕೊಡುತ್ತೇವೆ ಅಂತ ಆಗಿನ ಆಡಳಿತ ಮಂಡಳಿ ಬರೆದುಕೊಟ್ಟಿದೆ. ಸರ್ಕಾರ ಒಪ್ಪುತ್ತಿಲ್ಲ.

ಉತ್ತರ: ಗುರುಗಳೇ, ಅನುದಾನ ಬರುವ ಮೊದಲಿನ ಸೇವೆಯನ್ನೂ ಹಿಡಿದು ಪಗಾರ ಲೆಕ್ಕ ಹಾಕಿ ಅನ್ನುವ, ಅಂದರೆ ಕಾಲ್ಪನಿಕ ವೇತನದ ಈ ಹೋರಾಟ ನಮ್ಮ ಭಾಗದಲ್ಲಿ ಎಷ್ಟೋ ಮನೆಗಳ ಕಥೆ. ಕೆಲವರು ಕೋರ್ಟಿನಲ್ಲಿ ಗೆದ್ದೂ ಇದ್ದರು. ಆದರೆ 2014ರಲ್ಲಿ ರಾಜ್ಯ ಸರ್ಕಾರ ಅನುದಾನಿತ ಸಂಸ್ಥೆಗಳ ನೌಕರರ ವೇತನ, ಪಿಂಚಣಿ ಬಗ್ಗೆ ಕಾಯ್ದೆಯನ್ನೇ ಮಾಡಿ, ಅನುದಾನಕ್ಕೆ ಒಳಪಡುವ ಮೊದಲಿನ ಸೇವೆಯನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿತು. ಅದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದರೂ ಇರುವ ಕಾನೂನು ಇದು. ಆಡಳಿತ ಮಂಡಳಿ ಬರೆದುಕೊಟ್ಟ ಕಾಗದ ಆಡಳಿತ ಮಂಡಳಿಯನ್ನು ಕಟ್ಟುತ್ತದೆ, ಸಹಿ ಹಾಕದ ಸರ್ಕಾರವನ್ನು ಕಟ್ಟುವುದಿಲ್ಲ. ಅದರಲ್ಲಿ "ಸರ್ಕಾರ ಕೊಡದಿದ್ದರೆ ನಾವು ಕೊಡುತ್ತೇವೆ" ಅನ್ನುವ ಅರ್ಥದ ಸಾಲು ಇದೆಯೇ ನೋಡಿ. ಇದ್ದರೆ ಸಂಸ್ಥೆಯ ಮೇಲೆ ಸಿವಿಲ್ ದಾವೆಗೆ ದಾರಿ ಇದೆ. ಇಲಾಖೆ ನಿಮ್ಮ ಅನುದಾನದ ಪಗಾರವನ್ನೇ ತಡೆಹಿಡಿದರೆ ಆಗ ಧಾರವಾಡ ಪೀಠಕ್ಕೆ ರಿಟ್ ಹಾಕಬಹುದು. ಬೆಳಗಾವಿಯಲ್ಲಿರುವ ಕರ್ನಾಟಕ ಆಡಳಿತ ನ್ಯಾಯಮಂಡಳಿಯ (ಕೆ.ಎ.ಟಿ.) ಪೀಠ ಸರ್ಕಾರಿ ಶಾಲೆಯ ಶಿಕ್ಷಕರಿಗೆ, ಅನುದಾನಿತ ಶಾಲೆಯವರ ಅರ್ಜಿ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಚಿಕ್ಕೋಡಿ ಕಡೆಯ ಶಾಲೆಯಲ್ಲಿ ಬಸ್ ಡ್ರೈವರ್ ಇದ್ದೇನ್ರಿ. ಮಾಸ್ತರರ ಒಪ್ಪಂದದಲ್ಲಿ ನಾವೂ ಸೇರಬಹುದಾ?

ಉತ್ತರ: ಸೇರಬಹುದು ಅಣ್ಣಾ, ಆದರೆ ನಿಮ್ಮದು ಬೇರೆ ಒಪ್ಪಂದ ಇದ್ದರೆ ಒಳ್ಳೆಯದು. ಗ್ರಾಚ್ಯುಟಿ ಬಿಟ್ಟರೆ ಶಿಕ್ಷಕರಿಗೆ ಕಾರ್ಮಿಕ ಇಲಾಖೆಯ ಬಾಗಿಲು ಇಲ್ಲ, ನಿಮಗೆ ಇದೆ. ಡ್ರೈವರ್, ಗುಮಾಸ್ತ, ಸಿಪಾಯಿ ಕೆಲಸ ಕಾರ್ಮಿಕರ ಪಟ್ಟಿಯಲ್ಲಿ ಬರುತ್ತದೆ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ದಾನ, ಸಮಾಜಸೇವೆಯಲ್ಲಿ ತೊಡಗಿದ ಸಂಘಗಳು ನಡೆಸುವ ಸಂಸ್ಥೆಗಳನ್ನು ಉದ್ಯಮದಿಂದ ಹೊರಗಿಟ್ಟಿದ್ದಾರೆ, ಆ ನೆಪವನ್ನು ನಿಮ್ಮ ಸಂಸ್ಥೆ ಹೇಳಬಹುದು. ಹೇಳಿದರೂ ಬಾಕಿ ಪಗಾರವನ್ನು ವೇತನ ಸಂಹಿತೆಯ ಕೆಳಗೆ ಮೂರು ವರ್ಷದೊಳಗೆ ಕೇಳಬಹುದು. ಡ್ಯೂಟಿ ಹಚ್ಚಿದ ಚೀಟಿ, ಟ್ರಿಪ್ ಬರೆದ ಪುಸ್ತಕ ಇದ್ದರೆ ಅದರ ಫೋಟೊ ಮೊಬೈಲಿನಲ್ಲಿ ತೆಗೆದು ಇಟ್ಟುಕೊಳ್ಳಿ.